ಗೊಂಬೆಯ ಕೂದಲು ಪೊದೆಯಾಗಿದೆಯಾ? ಕತ್ತರಿ ಹಿಡಿಯುವ ಮೊದಲು ಇದನ್ನು ನೋಡಿ

ಗೊಂಬೆಯ ಕೂದಲು ಕೆಟ್ಟಿದೆ ಅಂದರೆ ಸಾಮಾನ್ಯವಾಗಿ ಮೂರರಲ್ಲಿ ಒಂದು ಆಗಿರುತ್ತದೆ. ಎಳೆಗಳು ಒಂದಕ್ಕೊಂದು ಸುತ್ತಿಕೊಂಡಿದ್ದರೆ ಅದು ಸಿಕ್ಕು. ಎಳೆಗಳು ಬಿಡಿಬಿಡಿಯಾಗಿಯೇ ಇದ್ದು, ಒಂದೊಂದೂ ಡೊಂಕಾಗಿದ್ದರೆ ಅದು ಸುಕ್ಕು. ಎಳೆಯೇ ಕರಗಿ ಅಥವಾ ಸವೆದು ಹೋಗಿದ್ದರೆ ಅದು ಹಾಳು. ದೂರದಿಂದ ನೋಡಿದರೆ ಮೂರೂ ಒಂದೇ ತರ ಕಾಣುತ್ತವೆ. ಆದರೆ ಸಿಕ್ಕಿಗೆ ತಾಳ್ಮೆ ಬೇಕು, ಸುಕ್ಕಿಗೆ ಬಿಸಿನೀರು ಬೇಕು, ಹಾಳಾದದ್ದಕ್ಕೆ ಕತ್ತರಿಯೇ ಬೇಕು. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಕೆಲಸ ಕೆಡುತ್ತದೆ. ಸಿಕ್ಕು ಬಿಡಿಸದೆ ಬಿಸಿನೀರಿಗೆ ಅದ್ದಿದರೆ ಗಂಟು ಅಲ್ಲೇ ಗಟ್ಟಿಯಾಗಿ ಕೂತುಬಿಡುತ್ತದೆ.

ಇನ್ನೊಂದು ವಿಷಯ. ಇದು ಕೂದಲಲ್ಲ, ಪ್ಲಾಸ್ಟಿಕ್ ದಾರ. 1959ರಲ್ಲಿ ಬಾರ್ಬಿ ಮಾರುಕಟ್ಟೆಗೆ ಬಂದಾಗ ಅದರ ತಲೆಯಲ್ಲಿದ್ದದ್ದು ಸರಾನ್ ಎಂಬ ಪ್ಲಾಸ್ಟಿಕ್ ಎಳೆ. ಈಗಿನ ಗೊಂಬೆಗಳಲ್ಲಿ ಸರಾನ್, ನೈಲಾನ್, ಪಾಲಿಪ್ರೊಪಿಲೀನ್ ಈ ಮೂರು ಜಾಸ್ತಿ. ಯಾವುದಕ್ಕೂ ಕೊಬ್ಬರಿ ಎಣ್ಣೆ ಹಿಡಿಸುವುದಿಲ್ಲ. ನಮ್ಮ ಮನೆಗಳಲ್ಲಿ ಒರಟು ಕೂದಲು ಕಂಡ ತಕ್ಷಣ ಎಣ್ಣೆ ಬಾಟಲಿಗೆ ಕೈ ಹೋಗುತ್ತದೆ, ಅಲ್ವಾ? ಗೊಂಬೆಯ ವಿಷಯದಲ್ಲಿ ಆ ಅಭ್ಯಾಸ ಬಿಡಬೇಕು. ಎಣ್ಣೆ ಎಳೆಯೊಳಗೆ ಇಳಿಯದೆ ಮೇಲೆಯೇ ನಿಂತು ಧೂಳು ಹಿಡಿಯುತ್ತದೆ. ಕೆಲವು ತಿಂಗಳಲ್ಲಿ ಮುಗ್ಗಲು ವಾಸನೆ ಬರುತ್ತದೆ.

ಇಲ್ಲಿ ಹೇಳುತ್ತಿರುವುದು ಮೆತ್ತನೆಯ ವಿನೈಲ್ ತಲೆಗೆ ಕೂದಲನ್ನು ಹೊಲಿದಂತೆ ನೆಟ್ಟಿರುವ ಗೊಂಬೆಗಳ ಬಗ್ಗೆ. ಚನ್ನಪಟ್ಟಣದ ಗೊಂಬೆಗಳಿಗೆ ಕೂದಲೂ ಬಣ್ಣದ್ದೇ ಆದ್ದರಿಂದ ಈ ತಾಪತ್ರಯವೇ ಇಲ್ಲ.

ನೀರು ಮುಟ್ಟಿಸುವ ಮೊದಲು

ಐದು ನಿಮಿಷ ಸುಮ್ನೆ ನೋಡಿ. ಖರ್ಚಿಲ್ಲದ ಕೆಲಸ, ಆದರೆ ಇದನ್ನು ಬಿಟ್ಟವರೇ ಜಾಸ್ತಿ.

ಗೊಂಬೆ ಮಾತಾಡುತ್ತದೆಯೇ, ಹಾಡುತ್ತದೆಯೇ, ಅಳುತ್ತದೆಯೇ? ಹಾಗಿದ್ದರೆ ಒಳಗೆ ಬ್ಯಾಟರಿ, ಸ್ಪೀಕರ್ ಇರುತ್ತವೆ. ಅದನ್ನು ನೆನೆಸುವಂತಿಲ್ಲ. ಬ್ಯಾಟರಿ ತೆಗೆದಿಟ್ಟು, ಒದ್ದೆ ಬಟ್ಟೆಯಿಂದ ಕೂದಲನ್ನಷ್ಟೇ ಒರೆಸುತ್ತಾ ಕೆಲಸ ಮಾಡಬೇಕು. ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆಯಲ್ಲಿ ಲೋಹದ ತಂತಿ ಇರಬಹುದು. ತಲೆಯೊಳಗೆ ನೀರು ಹೋದರೆ ತುಕ್ಕು ಹಿಡಿದು ಕಣ್ಣು ಸಿಕ್ಕಿಕೊಳ್ಳುತ್ತದೆ. ಕಣ್ಣು ಸ್ಟಿಕ್ಕರ್‌ನದ್ದಾದರೆ ಬಿಸಿನೀರಿಗೆ ಎದ್ದು ಬರುತ್ತದೆ.

ಅಟ್ಟದಿಂದ ಇಳಿಸಿದ, ಅಜ್ಜಿಯ ಕಾಲದ ಗೊಂಬೆಯಾದರೆ ಇನ್ನೂ ಎಚ್ಚರ ಬೇಕು. ತೆಳ್ಳಗೆ, ಹಗುರಾಗಿ, ಒಳಗೆ ಟೊಳ್ಳಾಗಿದ್ದರೆ ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಅದನ್ನು ಮಾಡುವಾಗಲೇ ಕರ್ಪೂರ ಬೆರೆಸುತ್ತಿದ್ದರು. ಅದು ಬಿಸಿಗೆ ಸೊಟ್ಟಗಾಗುತ್ತದೆ, ಬೆಂಕಿ ತಗುಲಿದರೆ ಭಗ್ಗನೆ ಉರಿಯುತ್ತದೆ. ಅದಕ್ಕೆ ಬಿಸಿನೀರೂ ಬೇಡ, ಡ್ರೈಯರೂ ಬೇಡ. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ದೀಪದ ಹತ್ತಿರ ಇಡಲೂ ಬೇಡಿ. ಮರದ ಹೊಟ್ಟು, ಕಾಗದದ ತಿರುಳಿನಿಂದ ಮಾಡಿದ ಹಳೆಯ ಗೊಂಬೆಗಳಿಗೆ ತಣ್ಣೀರೂ ಆಗದು, ಉಬ್ಬಿ ಬಿರಿಯುತ್ತವೆ.

ಕೊನೆಗೆ, ಜುಟ್ಟು ಬಿಚ್ಚುವ ಮೊದಲು ರಬ್ಬರ್ ಬ್ಯಾಂಡ್ ಕೆಳಗೆ ಎಳೆಗಳನ್ನು ಸ್ವಲ್ಪ ಸರಿಸಿ ನೆತ್ತಿ ನೋಡಿ. ಜಾತ್ರೆಯಲ್ಲಿ, ಫುಟ್‌ಪಾತಿನಲ್ಲಿ ಸಿಗುವ ಕಡಿಮೆ ಬೆಲೆಯ ಗೊಂಬೆಗಳಿಗೆ ಅಂಚಿನಲ್ಲಿ ಮಾತ್ರ ಕೂದಲು ನೆಟ್ಟು, ಅದನ್ನು ಮೇಲಕ್ಕೆ ಎಳೆದು ಕಟ್ಟಿರುತ್ತಾರೆ. ನಡುವೆ ಪೂರ್ತಿ ಬೋಳು. ಬಿಚ್ಚಿದರೆ ಮಗು ಅಳುತ್ತದೆ, ಮತ್ತೆ ಹಾಗೆ ಕಟ್ಟಲು ನಿಮಗೂ ಬರುವುದಿಲ್ಲ. ಅಂಥದ್ದನ್ನು ಜುಟ್ಟು ಇರುವಂತೆಯೇ ತೊಳೆಯಿರಿ.

ಕೂದಲು ಮಂಕಾಗಿದೆ, ಮುಟ್ಟಿದರೆ ಜಿಡ್ಡು

ಇದು ಅತಿ ಸುಲಭದ ದೋಷ. ಕೈಯ ಎಣ್ಣೆ, ಊಟದ ಕೈ, ಧೂಳು, ಯಾರೋ ಹಚ್ಚಿದ ಕ್ರೀಮು ಇಷ್ಟೇ ಕಾರಣ. ಹೊಸ ಗೊಂಬೆಯ ಕೂದಲು ಗಟ್ಟಿಯಾಗಿ ಕಡ್ಡಿಯಂತಿದ್ದರೆ ಅದು ಕಾರ್ಖಾನೆಯಲ್ಲಿ ಹಾಕಿದ ಜೆಲ್. ಎರಡಕ್ಕೂ ಒಂದೇ ಉಪಾಯ.

ಬಟ್ಟೆ ತೆಗೆದಿಡಿ, ಬಣ್ಣ ಬಿಟ್ಟರೆ ಮೈಗೆ ಕಲೆಯಾಗುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ ಹಾಕಿ. ಗೊಂಬೆಯನ್ನು ತಲೆಕೆಳಗಾಗಿ ಹಿಡಿದು ಕೂದಲನ್ನಷ್ಟೇ ಮುಳುಗಿಸಿ, ಮೇಲಿಂದ ಕೆಳಕ್ಕೆ ಬೆರಳಲ್ಲಿ ಸವರಿ. ಉಜ್ಜಬೇಡಿ, ಹಿಂಡಬೇಡಿ. ನಾವು ತಲೆ ತೊಳೆದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ತಿಕ್ಕಿದರೆ ಇಲ್ಲದ ಸಿಕ್ಕು ಹುಟ್ಟುತ್ತದೆ. ಶಾಂಪೂ ಆಗುತ್ತದೆ, ಆದರೆ ಜಿಡ್ಡು ಬಿಡಿಸಲು ಪಾತ್ರೆಯ ಲಿಕ್ವಿಡ್ಡೇ ಚುರುಕು.

ಒಣಗಿದ ಮೇಲೆ ಕೂದಲು ಹಗುರಾಗಿ ಬಿಡಿಬಿಡಿಯಾಗಿ ಬಿದ್ದರೆ ಕೆಲಸ ಮುಗಿಯಿತು. ಬುಡದಲ್ಲಿ ಮಾತ್ರ ಮತ್ತೆ ಅಂಟಂಟಾದರೆ ಅದು ಕೊಳೆಯಲ್ಲ, ಅಂಟಿನ ಭಾಗ ನೋಡಿ.

ತೊಳೆದ ಮೇಲೆ ಇನ್ನೂ ಒರಟಾಯಿತು, ಬಿಳಿ ಪುಡಿ ಕಾಣುತ್ತದೆ

ನಿಮ್ಮ ಮನೆಗೆ ಬೋರ್‌ವೆಲ್ ನೀರು ಬರುತ್ತದೆಯೇ? ಹಾಗಾದರೆ ತಪ್ಪು ಗೊಂಬೆಯದ್ದಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಬಿಳಿ ಮಡ್ಡಿಯಾಗಿ ಎಳೆಗೆ ಅಂಟುತ್ತದೆ. ಬಕೆಟ್ಟಿನ ಅಂಚಿನಲ್ಲಿ ಕೂರುವ ಬಿಳಿಯೂ ಇದೇ ನೀರಿನ ಕೊಡುಗೆ. ಒಂದು ಲೋಟ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಕೂದಲನ್ನು ಐದು ನಿಮಿಷ ಅದ್ದಿಡಿ. ಕೊನೆಯ ನೀರು ಕುಡಿಯುವ ಫಿಲ್ಟರ್ ನೀರಾಗಿರಲಿ. ಮಳೆಗಾಲವಾದರೆ ಮಳೆನೀರು ಇನ್ನೂ ಒಳ್ಳೆಯದು. ಬಟ್ಟೆ ಸೋಪು, ಸೀಗೆಪುಡಿ ಎರಡೂ ಬೇಡ. ಸೀಗೆಪುಡಿ ಬೇರಿನ ತೂತುಗಳಲ್ಲಿ ಕೂತರೆ ತೆಗೆಯುವುದು ಕಷ್ಟ.

ಬಾಚಿದಷ್ಟೂ ಎದ್ದು ನಿಲ್ಲುತ್ತದೆ

ಕೂದಲು ನಿಮ್ಮ ಕೈಗೆ, ಮುಖಕ್ಕೆ ಹಾರಿ ಅಂಟಿಕೊಳ್ಳುತ್ತಿದ್ದರೆ ಅದು ಸ್ಥಿರ ವಿದ್ಯುತ್ತು. ಗಾಳಿ ಒಣಗಿರುವ ಡಿಸೆಂಬರ್, ಜನವರಿಯಲ್ಲಿ, ಬಯಲುಸೀಮೆಯ ಬೇಸಿಗೆಯಲ್ಲಿ ಇದು ಜಾಸ್ತಿ. ಕರಾವಳಿಯ ಮಳೆಗಾಲದಲ್ಲಿ ಕಾಣುವುದೇ ಅಪರೂಪ. ಪ್ಲಾಸ್ಟಿಕ್ ಬಾಚಣಿಗೆಯಿಂದ ಪ್ಲಾಸ್ಟಿಕ್ ಕೂದಲು ಬಾಚಿದರೆ ಇನ್ನೇನಾಗುತ್ತದೆ? ಲೋಹದ ಬಾಚಣಿಗೆಗೆ ಬದಲಾಯಿಸಿ. ಬಾಚುವ ಮೊದಲು ನೀರು ಚಿಮುಕಿಸಿ. ಇದೊಂದರಿಂದಲೇ ಅರ್ಧ ದೂರು ನಿಲ್ಲುತ್ತದೆ.

ನಿಲ್ಲದಿದ್ದರೆ ಬಟ್ಟೆಗೆ ಹಾಕುವ ಫ್ಯಾಬ್ರಿಕ್ ಕಂಡಿಷನರ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಕಂಫರ್ಟ್ ಅಂತ ಕೇಳಿದರೆ ಸಾಕು, ಯಾವ ಕಂಪನಿಯದ್ದಾದರೂ ನಡೆಯುತ್ತದೆ. ಅರ್ಧ ಲೀಟರ್ ನೀರಿಗೆ ಒಂದು ದೊಡ್ಡ ಚಮಚ. ಅದು ಎಳೆಯ ಮೇಲೆ ತೆಳುವಾದ ಪದರವಾಗಿ ಕೂತು ವಿದ್ಯುತ್ತು ಶೇಖರವಾಗದಂತೆ ತಡೆಯುತ್ತದೆ, ಎಳೆಗಳು ಒಂದರ ಮೇಲೊಂದು ಜಾರುತ್ತವೆ. ಅರ್ಧ ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಗೊಂಬೆಯ ಕೂದಲನ್ನು ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಇದು ಬೇಡ. ನೀವು ತಲೆಗೆ ಹಾಕುವ ಕಂಡಿಷನರ್ ಸ್ವಲ್ಪವೇ ಬಳಸಿ, ಜಾರು ಪೂರ್ತಿ ಹೋಗುವ ತನಕ ತೊಳೆಯಿರಿ.

ಬಾಚಣಿಗೆ ಒಳಗೇ ಇಳಿಯುತ್ತಿಲ್ಲ

ಇದು ನಿಜವಾದ ಸಿಕ್ಕು. ಸಾಮಾನ್ಯವಾಗಿ ಕತ್ತಿನ ಹಿಂಭಾಗದಲ್ಲಿ ಶುರುವಾಗುತ್ತದೆ, ಯಾಕೆಂದರೆ ಗೊಂಬೆಯ ಬಟ್ಟೆಯ ಅಂಟುಪಟ್ಟಿ ಅಲ್ಲೇ ಕೂದಲನ್ನು ಕಚ್ಚುತ್ತದೆ. ಪರ್ರನೆ ಹರಿಯುವ ವೆಲ್ಕ್ರೋ ಪಟ್ಟಿಯಷ್ಟು ದೊಡ್ಡ ಶತ್ರು ಗೊಂಬೆ ಕೂದಲಿಗೆ ಇನ್ನೊಂದಿಲ್ಲ. ಅದಕ್ಕೆ ಟಿಚ್‌ಬಟನ್ ಹೊಲಿದುಕೊಂಡರೆ ಮುಂದಿನ ವರ್ಷದ ಅರ್ಧ ಕೆಲಸ ತಪ್ಪುತ್ತದೆ.

ಮೊದಲು ಬೇಡದ್ದನ್ನು ತೆಗೆಯಿರಿ. ಹಳೆಯ ರಬ್ಬರ್ ಬ್ಯಾಂಡ್ ಕರಗಿ ಕೂದಲಿಗೆ ಅಂಟಿರುತ್ತದೆ. ಅದನ್ನು ಎಳೆಯಬೇಡಿ, ಉಗುರು ಕತ್ತರಿಯ ತುದಿಯಿಂದ ಬ್ಯಾಂಡನ್ನೇ ಕತ್ತರಿಸಿ. ಚೂಯಿಂಗ್ ಗಮ್ ಇದ್ದರೆ ಐಸ್ ತುಂಡು ಒತ್ತಿ ಗಟ್ಟಿ ಮಾಡಿ, ಪುಡಿಪುಡಿಯಾಗಿ ಮುರಿದು ತೆಗೆಯಿರಿ. ಉಳಿದ ಅಂಟಿಗೆ ಮಾತ್ರ ಒಂದು ಹನಿ ಅಡುಗೆ ಎಣ್ಣೆ, ಆಮೇಲೆ ಪಾತ್ರೆ ಲಿಕ್ವಿಡ್. ಎಣ್ಣೆಗೆ ಇಲ್ಲಿ ಇಷ್ಟೇ ಕೆಲಸ.

ಆಮೇಲೆ ಫ್ಯಾಬ್ರಿಕ್ ಕಂಡಿಷನರ್ ನೀರಿನಲ್ಲಿ ನೆನೆಸಿ. ಸಾಧಾರಣ ಸಿಕ್ಕಿಗೆ ಅರ್ಧ ಗಂಟೆ ಸಾಕು. ಕಂಬಳಿಯಂತೆ ಹೆಣೆದುಕೊಂಡಿದ್ದರೆ ರಾತ್ರಿಯಿಡೀ ಬಿಡಿ. ನೀರು ತಣ್ಣಗೇ ಇರಲಿ.

ಬಿಡಿಸುವುದು ಯಾವಾಗಲೂ ತುದಿಯಿಂದ. ಬುಡದಿಂದ ಬಾಚಣಿಗೆ ಎಳೆದರೆ ಇದ್ದ ಸಣ್ಣ ಗಂಟುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಗಂಟಾಗುತ್ತವೆ. ಕೂದಲನ್ನು ನಾಲ್ಕೈದು ಪಾಲು ಮಾಡಿ, ಉಳಿದದ್ದನ್ನು ಕ್ಲಿಪ್ ಹಾಕಿ ಪಕ್ಕಕ್ಕಿಡಿ. ಕೈಯಲ್ಲಿರುವ ಪಾಲನ್ನು ಬುಡದ ಹತ್ತಿರ ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿಯಿರಿ, ಎಳೆತ ತಲೆಗೆ ತಲುಪಬಾರದು. ಕೊನೆಯ ಒಂದು ಇಂಚು ಬಾಚಿ. ಅದು ಸಲೀಸಾದ ಮೇಲೆ ಇನ್ನೊಂದು ಇಂಚು ಮೇಲೆ. ಬಿಡದ ಗಂಟಿಗೆ ದಪ್ಪ ಸೂಜಿ ಅಥವಾ ಹಲ್ಲುಕಡ್ಡಿಯ ತುದಿ ಹಾಕಿ ಎಳೆಗಳನ್ನು ಒಂದೊಂದಾಗಿ ಹೊರಗೆ ಸೆಳೆಯಿರಿ.

ಬಾಚಣಿಗೆ ಯಾವುದು? ಮೊದಲು ಅಗಲ ಹಲ್ಲಿನದು, ಕೊನೆಗೆ ಲೋಹದ ಹೇನಿನ ಬಾಚಣಿಗೆ. ನಮ್ಮ ಕಡೆಯ ಹಳೆಯ ಸೀರಣಿಗೆ ಇದ್ದರೂ ಆಗುತ್ತದೆ, ಆದರೆ ಅದನ್ನು ಸಿಕ್ಕು ಪೂರ್ತಿ ಬಿಟ್ಟ ಮೇಲೆಯೇ ಬಳಸಬೇಕು. ಹಲ್ಲಿನ ತುದಿಗೆ ಗುಂಡುಗಳಿರುವ ಕುಶನ್ ಬ್ರಷ್ ಬೇಡವೇ ಬೇಡ. ಆ ಗುಂಡಿನ ಕತ್ತಿಗೆ ಎಳೆ ಸುತ್ತಿಕೊಂಡು ಬುಡದಿಂದಲೇ ಕಿತ್ತು ಬರುತ್ತದೆ.

ಬಾಚಣಿಗೆಯಲ್ಲಿ ಒಂದೆರಡು ಎಳೆ ಬರುವುದು ಸಹಜ. ಅವನ್ನು ಎಸೆಯಬೇಡಿ, ಮುಂದಿನ ಪರೀಕ್ಷೆಗೆ ಬೇಕು. ಬುಡದ ಸಮೇತ ಕುಚ್ಚು ಬಂದರೆ ಮಾತ್ರ ಅಲ್ಲೇ ನಿಲ್ಲಿಸಿ.

ಸಿಕ್ಕೆಲ್ಲ ಬಿಟ್ಟಿದೆ, ಆದರೂ ಪೊದೆ

ಈಗ ಉಳಿದಿರುವುದು ಸುಕ್ಕು. ಜಾಸ್ತಿ ಜನ ಸೋಲುವುದು ಇಲ್ಲೇ, ಯಾಕೆಂದರೆ ಇನ್ನೆಷ್ಟು ಬಾಚಿದರೂ, ಎಷ್ಟು ಕಂಡಿಷನರ್ ಹಾಕಿದರೂ ಇದು ಹೋಗುವುದಿಲ್ಲ. ಎಳೆ ಮಡಿಚಿಕೊಂಡೇ ವರ್ಷಗಟ್ಟಲೆ ಇದ್ದು ಆ ಆಕಾರವನ್ನೇ ಹಿಡಿದಿದೆ. ಮುದುರಿದ ನೈಲಾನ್ ಸೀರೆಯನ್ನು ಕೈಯಲ್ಲಿ ಎಷ್ಟು ಸವರಿದರೂ ಸುಕ್ಕು ಹೋಗದು, ಇಸ್ತ್ರಿಯ ಬಿಸಿಯೇ ಬೇಕು. ಇದೂ ಹಾಗೆಯೇ, ಇಸ್ತ್ರಿಯ ಬದಲು ಬಿಸಿನೀರು.

ಆದರೆ ಬಿಸಿ ಎಷ್ಟಿರಬೇಕು ಅನ್ನುವುದು ಎಳೆಯ ಜಾತಿಯ ಮೇಲೆ ನಿಂತಿದೆ. ಅದಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಬಾಚಣಿಗೆಯಲ್ಲಿ ಬಂದ ಎಳೆಯನ್ನು ಚಿಕ್ಕದಾಗಿ ಕತ್ತರಿಸಿ, ಒಂದು ಹನಿ ಪಾತ್ರೆ ಲಿಕ್ವಿಡ್ ಹಾಕಿದ ಒಂದು ಲೋಟ ನೀರಿಗೆ ಹಾಕಿ, ಕಡ್ಡಿಯಿಂದ ತಳಕ್ಕೆ ಒತ್ತಿ. ಮತ್ತೆ ಮೇಲೆ ಬಂದು ತೇಲಿದರೆ ಅದು ಪಾಲಿಪ್ರೊಪಿಲೀನ್. ಅದು ನೀರಿಗಿಂತ ಹಗುರ. ನೈಲಾನ್, ಸರಾನ್ ಎರಡೂ ಮುಳುಗುತ್ತವೆ, ಸರಾನ್ ಇನ್ನೂ ಭಾರ. ಲಿಕ್ವಿಡ್ ಹನಿ ಮರೆಯಬೇಡಿ, ಇಲ್ಲದಿದ್ದರೆ ಗಾಳಿಗುಳ್ಳೆ ಅಂಟಿಕೊಂಡು ಮುಳುಗುವ ಎಳೆಯೂ ತೇಲುತ್ತದೆ. ಎಳೆಯನ್ನು ಬೆಂಕಿಗೆ ಹಿಡಿದು ನೋಡುವ ಪರೀಕ್ಷೆಯೂ ಇದೆ. ಮನೆಯಲ್ಲಿ ಮಾಡಬೇಡಿ. ಸರಾನ್‌ನಲ್ಲಿ ಕ್ಲೋರಿನ್ ಇದೆ, ಅದರ ಹೊಗೆ ಒಳ್ಳೆಯದಲ್ಲ.

ಮುಳುಗಿದ ಎಳೆಗೆ ಬಿಸಿನೀರು ಚೆನ್ನಾಗಿ ಕೆಲಸ ಮಾಡುತ್ತದೆ. ನೈಲಾನ್ ಸ್ವಲ್ಪ ನೀರು ಹೀರುವುದರಿಂದ ಇನ್ನೂ ಬೇಗ ಮೆತ್ತಗಾಗುತ್ತದೆ. ತೇಲಿದ್ದಾದರೆ ಆಸೆ ಕಡಿಮೆ ಇಟ್ಟುಕೊಳ್ಳಿ. ಪಾಲಿಪ್ರೊಪಿಲೀನ್ ನೀರು ಹೀರುವುದಿಲ್ಲ. ಬಿಸಿಗೆ ಸ್ವಲ್ಪ ತಗ್ಗಿದರೂ ಆಟವಾಡಿದ ಕೆಲವು ದಿನಕ್ಕೆ ಮತ್ತೆ ಏಳುತ್ತದೆ. ಅದಕ್ಕೆ ನನ್ನ ಸಲಹೆ ಒಂದೇ: ಒದ್ದೆ ಇರುವಾಗಲೇ ಬಿಗಿಯಾಗಿ ಎರಡು ಜಡೆ ಹಾಕಿ, ರಿಬ್ಬನ್ ಕಟ್ಟಿ. ಚೆಂದವೂ ಕಾಣುತ್ತದೆ, ಜಗಳವೂ ಮುಗಿಯುತ್ತದೆ.

ಈಗ ಕೆಲಸ. ಇದು ದೊಡ್ಡವರ ಕೆಲಸ. ಮಕ್ಕಳು ಅಡುಗೆಮನೆಯ ಹೊರಗಿರಲಿ, ಗೊಂಬೆ ಅವರದ್ದೇ ಆದರೂ.

ನೀರು ಕುದಿಸಿ ಒಲೆ ಆರಿಸಿ. ಅಗಲ ಬಾಯಿಯ ಪಾತ್ರೆಗೆ ಸುರಿದು ಎರಡು ನಿಮಿಷ ಬಿಡಿ. ಪಕ್ಕದಲ್ಲಿ ಒಂದು ಪಾತ್ರೆ ತಣ್ಣೀರು ಇರಲಿ. ಗೊಂಬೆಯ ಕೂದಲು ಒದ್ದೆಯಾಗಿ, ನೇರವಾಗಿ, ಬಾಚಿ ಸಿದ್ಧವಾಗಿರಬೇಕು. ಮೊದಲು ಕತ್ತಿನ ಹಿಂದಿನ ಒಳಗಿನ ಒಂದು ಸಣ್ಣ ಎಳೆಗುಚ್ಛವನ್ನಷ್ಟೇ ಹತ್ತು ಸೆಕೆಂಡು ಅದ್ದಿ ನೋಡಿ. ಮೆತ್ತಗಾಗಿ ನೇರವಾದರೆ ಮುಂದುವರಿಯಿರಿ. ಮುದುರಿ ಗಿಡ್ಡವಾದರೆ, ಅಂಟಂಟಾದರೆ, ನೀರು ಅಷ್ಟು ಬಿಸಿ ಬೇಡ. ಕೈ ತಾಳುವಷ್ಟು ಬಿಸಿಗೆ ಇಳಿಸಿ ಇನ್ನೊಂದು ಗುಚ್ಛ ನೋಡಿ, ಅದಕ್ಕೂ ಹಾಗೇ ಆದರೆ ಬಿಸಿನೀರನ್ನೇ ಬಿಟ್ಟುಬಿಡಿ.

ಸರಿ ಹೋದರೆ ಗೊಂಬೆಯ ಕಾಲು ಹಿಡಿದು ತಲೆಕೆಳಗೆ ಮಾಡಿ, ಕೂದಲನ್ನಷ್ಟೇ ಹತ್ತರಿಂದ ಇಪ್ಪತ್ತು ಸೆಕೆಂಡು ಅದ್ದಿ. ಮುಖ ನೀರಿಗೆ ತಾಗಬಾರದು, ವಿನೈಲ್ ಮೆತ್ತಗಾಗಿ ಕೆನ್ನೆ ಒಳಕ್ಕೆ ಹೋಗಬಹುದು. ಗೊಂಬೆ ಚಿಕ್ಕದಾಗಿ ಕೈಗೆ ಆವಿ ತಾಗುತ್ತಿದ್ದರೆ ಇಕ್ಕಳ ಬಳಸಿ. ಹೊರಗೆ ತೆಗೆದು ಹನಿ ಇಳಿಸಿ, ಒಂದೇ ಸಲ ಅಗಲ ಹಲ್ಲಿನ ಬಾಚಣಿಗೆ ಆಡಿಸಿ, ತಕ್ಷಣ ತಣ್ಣೀರಿಗೆ ಅದ್ದಿ. ಬಿಸಿಯಲ್ಲಿ ಮೆತ್ತಗಾದ ಎಳೆ ತಣ್ಣಗಾಗುವಾಗ ಯಾವ ಆಕಾರದಲ್ಲಿರುತ್ತದೋ ಅದೇ ಆಕಾರ ಹಿಡಿಯುತ್ತದೆ. ಹಾಗಾಗಿ ಬಿಸಿನೀರಿನಷ್ಟೇ ಮುಖ್ಯ ಈ ತಣ್ಣೀರು.

ತಲೆಗೆ ಹಳೆಯ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ, ಕೂದಲು ನೇತಾಡುವಂತೆ ನೆರಳಿನಲ್ಲಿ ಫ್ಯಾನ್ ಕೆಳಗೆ ಒಂದು ದಿನ ಬಿಡಿ. ಬಿಸಿಲಿಗೆ ಬೇಡ, ಬಣ್ಣ ಮಾಸುತ್ತದೆ. ಒಣಗಿದ ಮೇಲೆ ಇನ್ನೂ ಸ್ವಲ್ಪ ಸುಕ್ಕಿದ್ದರೆ ಇನ್ನೊಮ್ಮೆ ಮಾಡಿ. ಎರಡನೇ ಸಲವೂ ಬದಲಾಗದಿದ್ದರೆ ಮೂರನೆಯದು ವ್ಯರ್ಥ.

ಹೇರ್ ಸ್ಟ್ರೈಟ್ನರ್ ಬಳಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿರುವ ಸ್ಟ್ರೈಟ್ನರ್‌ಗಳು ಹೆಚ್ಚಾಗಿ 150 ಡಿಗ್ರಿಯ ಮೇಲೆಯೇ ಕೆಲಸ ಮಾಡುತ್ತವೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಮುದುಡುತ್ತದೆ. ಕೂದಲು ಹೋಗುವುದಲ್ಲದೆ ಕರಗಿದ ಪ್ಲಾಸ್ಟಿಕ್ ಸ್ಟ್ರೈಟ್ನರ್ ಪಟ್ಟಿಗೆ ಹತ್ತಿ, ಅದೂ ಹಾಳು. ನೀರು ಎಷ್ಟೇ ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಅದೇ ಅದರ ದೊಡ್ಡ ಗುಣ.

ಕೈ ಸುಟ್ಟುಕೊಂಡರೆ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಇಂಕು, ಅರಿಶಿನ, ಬೆಣ್ಣೆ ಯಾವುದನ್ನೂ ಮೆತ್ತಬೇಡಿ. ದೊಡ್ಡ ಬೊಕ್ಕೆ ಎದ್ದರೆ, ಅಥವಾ ಸುಟ್ಟಿರುವುದು ಮಗುವಿಗಾದರೆ, ಡಾಕ್ಟರ ಹತ್ತಿರ ಹೋಗಿ.

ಗುಂಗುರು ಕೂದಲು ಹತ್ತಿಯ ಉಂಡೆಯಂತಾಗಿದೆ

ಗುಂಗುರು ಗೊಂಬೆಯನ್ನು ಒಣಗಿದ್ದಾಗ ಬಾಚಿದ್ದೇ ಇದಕ್ಕೆ ಕಾರಣ. ಸುರುಳಿ ಒಡೆದು ಎಳೆಗಳು ಬಿಡಿಬಿಡಿಯಾಗಿ ನಿಂತಿವೆ. ಎಳೆ ಹಾಳಾಗಿಲ್ಲ, ಗುಂಪು ಕಳೆದುಕೊಂಡಿದೆ ಅಷ್ಟೇ. ಮೊದಲು ಬರೀ ನೀರು ಚಿಮುಕಿಸಿ, ಒಂದೊಂದು ಗುಚ್ಛವನ್ನು ಬೆರಳಿಗೆ ಸುತ್ತಿ ಬಿಡಿ. ಎಷ್ಟೋ ಗೊಂಬೆಗಳಿಗೆ ಇಷ್ಟೇ ಸಾಕು.

ಸುರುಳಿ ಮರಳಿ ಬರದಿದ್ದರೆ ಸಿಕ್ಕು ಬಿಡಿಸಿ, ಕಂಡಿಷನರ್ ನೀರಿನಲ್ಲಿ ಅದ್ದಿ, ಗುಚ್ಛಗಳನ್ನು ಪೆನ್ಸಿಲ್ ಅಥವಾ ಸ್ಟೀಲ್ ಸ್ಟ್ರಾಗೆ ಸುತ್ತಿ ದಾರ ಕಟ್ಟಿ. ಪ್ಲಾಸ್ಟಿಕ್ ಸ್ಟ್ರಾ ಬಿಸಿಗೆ ಬಗ್ಗುತ್ತದೆ. ಮೇಲೆ ಹೇಳಿದಂತೆ ಬಿಸಿನೀರು, ತಣ್ಣೀರು, ಆಮೇಲೆ ಪೂರ್ತಿ ಒಣಗುವ ತನಕ ಬಿಚ್ಚಬೇಡಿ. ಬಿಚ್ಚಿದ ಮೇಲೆ ಬಾಚಣಿಗೆ ಮುಟ್ಟಿಸಬೇಡಿ, ಇನ್ನು ಮುಂದೆ ಬೆರಳೇ ಬಾಚಣಿಗೆ.

ತುದಿ ಮಾತ್ರ ಗಟ್ಟಿ, ಚುಚ್ಚುತ್ತದೆ

ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಸಣ್ಣ ಮಣಿಗಳಂತೆ ಉಂಡೆ ಕಟ್ಟಿದ್ದರೆ, ಎಳೆಗಳು ಒಂದಕ್ಕೊಂದು ಬೆಸೆದಿದ್ದರೆ, ಅದು ಕರಗಿದೆ. ಯಾವುದೋ ಬಿಸಿ ತಾಗಿದೆ. ಇದಕ್ಕೆ ಮದ್ದಿಲ್ಲ, ಕತ್ತರಿಸಬೇಕು. ತುದಿ ಪೊರಕೆಯಂತೆ ಸೀಳಿದ್ದರೂ ಅಷ್ಟೇ.

ಒದ್ದೆ ಮಾಡಿ, ನೇರವಾಗಿ ಬಾಚಿ, ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆಯೇ ಕತ್ತರಿಸಿ. ಕತ್ತರಿಯನ್ನು ಅಡ್ಡ ಹಿಡಿಯದೆ, ಉದ್ದಕ್ಕೆ ಹಿಡಿದು ಸಣ್ಣ ಸಣ್ಣ ಕಚ್ಚು ಹಾಕಿದರೆ ಅಂಚು ಸಹಜವಾಗಿರುತ್ತದೆ. ಮಗುವಿಗೆ ಮೊದಲೇ ಹೇಳಿಬಿಡಿ: ಇದು ಮತ್ತೆ ಬೆಳೆಯುವುದಿಲ್ಲ. ಎಷ್ಟೋ ಮಕ್ಕಳು ಬೆಳೆಯುತ್ತದೆ ಅಂತಲೇ ಕತ್ತರಿಸಿರುತ್ತಾರೆ.

ಎಷ್ಟು ತೊಳೆದರೂ ಬುಡ ಅಂಟಂಟು

ಕೆಲವು ಗೊಂಬೆಗಳ ತಲೆಯೊಳಗೆ, ನೆಟ್ಟ ಕೂದಲು ಬಿಗಿಯಾಗಿ ನಿಲ್ಲಲಿ ಅಂತ ಅಂಟು ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಅದು ಬೇರಿನ ತೂತುಗಳಿಂದ ಹೊರಗೆ ಜಿನುಗುತ್ತದೆ. ಗುರುತು ಸುಲಭ: ತುದಿ ಚೆನ್ನಾಗಿದೆ, ಬುಡ ಮಾತ್ರ ಜಿಡ್ಡು. ತೊಳೆದ ಕೆಲವು ದಿನಕ್ಕೆ ಮತ್ತೆ ಬರುತ್ತದೆ. ತಲೆ ಅಮುಕಿದರೆ ಒಳಗೆ ಗಟ್ಟಿ ಗಡ್ಡೆ ಸಿಗುತ್ತದೆ. ಬೇಸಿಗೆಯಲ್ಲಿ ಜಾಸ್ತಿ.

ಈ ತಲೆಗೆ ಬಿಸಿನೀರು ತೋರಿಸಬೇಡಿ, ಇನ್ನೂ ಅಂಟು ಕರಗಿ ಬರುತ್ತದೆ. ಕಾರ್ನ್‌ಫ್ಲೋರ್ ಉದುರಿಸಿ, ಒಂದೆರಡು ಗಂಟೆ ಬಿಟ್ಟು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯಿರಿ. ಪೌಡರ್ ಡಬ್ಬಿ ಬೇಡ, ಅದರ ಧೂಳು ಮಕ್ಕಳ ಮೂಗಿಗೆ ಹೋಗುತ್ತದೆ. ಇದು ತಾತ್ಕಾಲಿಕ, ಆಗಾಗ ಮಾಡುತ್ತಿರಬೇಕು. ತಲೆ ಕಳಚಿ ಒಳಗಿನ ಅಂಟನ್ನು ಚಿಮಟದಿಂದ ಕಿತ್ತು ತೆಗೆಯುವವರಿದ್ದಾರೆ. ಆದರೆ ಕೂದಲನ್ನು ಹಿಡಿದಿರುವುದೂ ಅದೇ ಅಂಟು. ಬೆಲೆಬಾಳುವ ಗೊಂಬೆಯಾದರೆ ಅನುಭವ ಇಲ್ಲದೆ ಕೈ ಹಾಕಬೇಡಿ. ಸೀಮೆಎಣ್ಣೆ, ಥಿನ್ನರ್, ನೇಲ್ ಪಾಲಿಷ್ ರಿಮೂವರ್ ಅಂತೂ ಹತ್ತಿರಕ್ಕೂ ಬೇಡ. ಅಂಟಿಗಿಂತ ಮೊದಲು ಗೊಂಬೆಯ ಹುಬ್ಬು, ತುಟಿ ಹೋಗುತ್ತವೆ, ವಿನೈಲೂ ಕೆಡುತ್ತದೆ.

ಮುಗ್ಗಲು ವಾಸನೆ, ಕತ್ತಿನ ಬಳಿ ಕಪ್ಪು ಚುಕ್ಕೆ

ತೊಳೆಯುವಾಗ ಬೇರಿನ ತೂತುಗಳಿಂದ ನೀರು ತಲೆಯೊಳಗೆ ಹೋಗಿ ಅಲ್ಲೇ ನಿಂತಿದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಇದು ಬೇಗ ಬೂಷ್ಟಾಗುತ್ತದೆ. ತಲೆಯನ್ನು ಮೆಲ್ಲಗೆ ಅಮುಕಿ, ಜುಳುಜುಳು ಸದ್ದು ಬಂದರೆ ನೀರಿದೆ. ಕಳಚಬಹುದಾದ ತಲೆಯಾದರೆ ತೆಗೆದು, ಅರ್ಧ ವಿನೆಗರ್ ಅರ್ಧ ನೀರು ಹಾಕಿ ಒಳಗೆ ಆಡಿಸಿ ಚೆಲ್ಲಿ, ಕತ್ತಿನ ತೂತು ಕೆಳಗಿರುವಂತೆ ಎರಡು ಮೂರು ದಿನ ಫ್ಯಾನಿಗಿಡಿ. ಚುಕ್ಕೆ ಒಳಗೆಲ್ಲ ಹರಡಿದ್ದರೆ, ಮನೆಯಲ್ಲಿ ಉಬ್ಬಸ ಇರುವ ಮಗು ಇದ್ದರೆ, ಆ ಗೊಂಬೆಯ ಮೇಲಿನ ಮೋಹ ಬಿಡುವುದೇ ಸರಿ.

ಮಗುವಿಗೆ ಹೇನಾಗಿದೆ, ಗೊಂಬೆಗೂ ಹತ್ತಿರಬಹುದಾ?

ಹೇನಿಗೆ ಮನುಷ್ಯರ ರಕ್ತ ಬೇಕು. ತಲೆಯಿಂದ ಬಿದ್ದ ಹೇನು ಒಂದೆರಡು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹಾಗಾಗಿ ಗಾಬರಿ ಬೇಡ. ಗೊಂಬೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎರಡು ವಾರ ಮೇಲಿಟ್ಟರೆ ಪೂರ್ತಿ ನಿಶ್ಚಿಂತೆ. ಮಗುವಿನ ಬಾಚಣಿಗೆಯನ್ನು ಗೊಂಬೆಗೆ ಬಳಸುವುದನ್ನು ಮಾತ್ರ ನಿಲ್ಲಿಸಿ. ಹೇನಿನ ಔಷಧಿಯನ್ನು ಗೊಂಬೆಗೆ ಹಾಕಬೇಡಿ.

ಬಾಚಿದರೆ ಗೊಂಚಲು ಗೊಂಚಲಾಗಿ ಕಿತ್ತು ಬರುತ್ತಿದೆ

ಇಲ್ಲಿ ನಿಲ್ಲಿಸಬೇಕು. ಬೇರು ಸಡಿಲವಾಗಿದೆ ಅಂದರೆ ಬಾಚುವುದೇ ಹಾನಿ. ಬೋಳು ಜಾಗ ಚಿಕ್ಕದಾದರೆ ಬೈತಲೆ ಬದಲಾಯಿಸಿ ಮುಚ್ಚಬಹುದು. ಪಕ್ಕದ ಕೂದಲನ್ನು ಒದ್ದೆ ಮಾಡಿ ಆ ಕಡೆಗೆ ಬಾಚಿ, ಮೇಲೆ ಬಟ್ಟೆ ಕಟ್ಟಿ, ಬಿಸಿನೀರನ್ನು ಚಮಚದಲ್ಲಿ ಸುರಿದು, ತಣ್ಣೀರು ಹಾಕಿದರೆ ಹಾಗೆಯೇ ಕೂರುತ್ತದೆ.

ದೊಡ್ಡದಾದರೆ ಹೊಸ ಕೂದಲು ನೆಡಬೇಕು. ತಲೆ ಕಳಚಿ, ಸೂಜಿಗೆ ಎಳೆಗುಚ್ಛ ಪೋಣಿಸಿ, ಹಳೆಯ ತೂತಿನಿಂದ ಒಳಗೆ ಹಾಕಿ ಕತ್ತಿನಿಂದ ಹೊರಗೆ ತೆಗೆದು, ತುದಿಗೆ ಗಂಟು ಹಾಕಿ ಮತ್ತೆ ಹಿಂದಕ್ಕೆ ಎಳೆಯುವುದು. ಗಂಟು ಒಳಗೆ ತಡೆಯುತ್ತದೆ. ನಾಲ್ಕೈದು ತೂತಾದರೆ ಒಂದು ಸಂಜೆಯ ಕೆಲಸ. ಇಡೀ ತಲೆಯಾದರೆ ದಿನಗಟ್ಟಲೆ ಕೂರಬೇಕು, ಬೆರಳಿಗೆ ಸೂಜಿ ಚುಚ್ಚುವುದು ಗ್ಯಾರಂಟಿ. ಕೂದಲಿಗೆ ದೂರ ಹುಡುಕಬೇಕಿಲ್ಲ. ಫ್ಯಾನ್ಸಿ ಸ್ಟೋರಿನಲ್ಲಿ, ಭರತನಾಟ್ಯದ ಸಾಮಾನಿನ ಅಂಗಡಿಯಲ್ಲಿ ಸಿಗುವ ಸಿಂಥೆಟಿಕ್ ಚೌರಿ ಸಾಕು.

ಗೊಂಬೆಯ ಕೂದಲು ನೆಡುವುದನ್ನೇ ಹವ್ಯಾಸ ಮಾಡಿಕೊಂಡವರೂ, ದುಡ್ಡು ತೆಗೆದುಕೊಂಡು ಮಾಡಿಕೊಡುವವರೂ ಇದ್ದಾರೆ. ಕೊಡುವ ಮೊದಲು ಅವರು ಹಿಂದೆ ಮಾಡಿದ ಗೊಂಬೆಯ ಫೋಟೋ ಕೇಳಿ, ಯಾವ ಎಳೆ ಬಳಸುತ್ತಾರೆ ಅಂತ ಕೇಳಿ, ಬೆಲೆ ಮೊದಲೇ ಮಾತಾಡಿ. ಅಂಗಡಿಯಲ್ಲಿ ಹೊಸ ಗೊಂಬೆಗೆ ಕೊಡುವುದಕ್ಕಿಂತ ಇದು ಜಾಸ್ತಿ ಆಗಬಹುದು. ಹಳೆಯ ಸೆಲ್ಯುಲಾಯ್ಡ್, ಕಾಗದದ ತಿರುಳಿನ ಗೊಂಬೆ, ನಿಜವಾದ ಮನುಷ್ಯರ ಕೂದಲಿನ ವಿಗ್ ಇರುವ ಗೊಂಬೆಗಳನ್ನಾದರೆ ತೊಳೆಯದೆ, ಬಾಚದೆ, ಇರುವಂತೆಯೇ ತಿಳಿದವರ ಕೈಗೆ ಕೊಡಿ. ವಿಗ್ ಅಂಚು ಮಾತ್ರ ಎದ್ದಿದ್ದರೆ ಬಿಳಿ ಫೆವಿಕಾಲ್ ತೆಳುವಾಗಿ ಹಚ್ಚಿ, ಬಟ್ಟೆ ಸುತ್ತಿ ಒಂದು ರಾತ್ರಿ ಬಿಡಬಹುದು. ಫೆವಿಕ್ವಿಕ್ ಬೇಡ, ಅದು ಬಟ್ಟೆಯ ಅಂಚನ್ನು ಕಲ್ಲಾಗಿಸುತ್ತದೆ, ಮುಂದೆ ಯಾರೂ ಅದನ್ನು ಬಿಡಿಸಲಾರರು.